ತೊಟ್ಟಿಗೆ ಕಟ್ಟಿದ ಕೆಂಪು ದಾರ

“ಚಾಕು ಕೆಳಗಿಡಿ. ಆ ಹಣ್ಣು ಕೊಯ್ಯೋದು ಬೇಡ.”

ಹೇಳಿದವಳು ಹೊಲಿಗೆಯಮ್ಮ. ಅಳಿಯನ ಮನೆಯ ಊಟದ ಮೇಜಿನ ತುದಿಯಲ್ಲಿ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಅದರೊಳಗೆ ಕತ್ತರಿ, ಅಳತೆ ಟೇಪು, ದಾರದ ಉಂಡೆಗಳು. ಮದುವೆಮನೆಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ಆ ಚೀಲ ಬಿಟ್ಟು ಅವಳು ಹೊರಟಿದ್ದನ್ನು ಯಾರೂ ಕಂಡಿಲ್ಲ.

ಅಳಿಯನ ಚಾಕು ಪಪ್ಪಾಯಿಯ ಸಿಪ್ಪೆಗೆ ತಾಗಿದಲ್ಲೇ ನಿಂತಿತು. ಅವನು ಗಡಿಯಾರ ರಿಪೇರಿಯವನು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ. ನಿಲ್ಲು ಅಂದರೆ ನಿಲ್ಲುವ ಕೈ.

“ಯಾಕೆ ಅತ್ತೆ? ಮೇಡಂ ಅಪರೂಪಕ್ಕೆ ಬಂದಿದಾರೆ. ಹೋದ ಸಲ ಎಂಟು ಹೋಳು ತಿಂದಿದ್ರು. ನನಗೆ ಚೆನ್ನಾಗಿ ನೆನಪಿದೆ.”

ಇನ್ಸ್‌ಪೆಕ್ಟರಮ್ಮನ ಕಿವಿ ಬಿಸಿಯಾಯಿತು. ಈಗ ಅವಳು ಬರೀ ಹೆಸರಿಗೆ ಇನ್ಸ್‌ಪೆಕ್ಟರಮ್ಮ. ಯೂನಿಫಾರಂ ಕಳಚಿಟ್ಟು ನಾಲ್ಕು ತಿಂಗಳಾಗುತ್ತ ಬಂದಿತ್ತು. ಕಳಚುವ ಮುನ್ನ ಮುಚ್ಚಿದ ಕಟ್ಟಕಡೆಯ ಫೈಲು ಈ ಮನೆಯದೇ: ಹೊಲಿಗೆಯಮ್ಮನ ಒಬ್ಬಳೇ ಮಗಳು, ಈ ಗಡಿಯಾರದವನ ಹೆಂಡತಿ, ಏಳು ತಿಂಗಳ ಹಿಂದೆ ಕಾಣೆಯಾದವಳು. ‘ಮನಸ್ತಾಪದಿಂದ ತಾನಾಗಿಯೇ ಹೋಗಿರುತ್ತಾಳೆ’ ಎಂದು ಬರೆದು ಸಹಿ ಹಾಕಿದ್ದಳು.

ಅದಕ್ಕೂ ಮುಂಚೆ ಕೊನೆಯ ವಿಚಾರಣೆ ಅಂತ ಬಂದಾಗ ಇದೇ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದಳು. ಗೋಡೆ ತುಂಬ ಗಡಿಯಾರಗಳ ಟಿಕ್ ಟಿಕ್. ಹಿತ್ತಲ ಕಡೆಯಿಂದ ಗಿಡಗಳಿಗೆ ನೀರು ಬೀಳುವ ತಣ್ಣನೆಯ ಸದ್ದು. ಎದುರಿಗೆ ಕಣ್ಣೊರೆಸಿಕೊಳ್ಳುತ್ತ ಕೂತ ಗಂಡ. ನಡುವೆ ತಟ್ಟೆ ತುಂಬ ಕಿತ್ತಳೆ ಬಣ್ಣದ ಹೋಳುಗಳು. ಹಿತ್ತಲಿಗೆ ಹೋಗಬೇಕೆಂದರೆ ನಾಲ್ಕು ಮೆಟ್ಟಿಲು ಇಳಿಯಬೇಕಿತ್ತು. ಅಂದು ಅವಳ ಮೊಣಕಾಲು ಹಿಡಿದುಕೊಂಡಿತ್ತು. ‘ಹಿತ್ತಿಲು ಪರಿಶೀಲಿಸಲಾಯಿತು’ ಎಂದು ಕೂತಲ್ಲೇ ಬರೆದುಕೊಂಡು ಎದ್ದುಬಂದಿದ್ದಳು.

ನಾಲ್ಕು ಮೆಟ್ಟಿಲು!

ನಿನ್ನೆ ಬೆಳಿಗ್ಗೆ ಹೊಲಿಗೆಯಮ್ಮ ಅವಳ ಮನೆ ಬಾಗಿಲಿಗೆ ಬಂದು, ನಮಸ್ಕಾರ ಕೂಡ ಹೇಳದೆ, ಅಂಗೈ ಬಿಚ್ಚಿ ತೋರಿಸಿದ್ದಳು. ನಾಲ್ಕು ತುಂಡು ಕೆಂಪು ದಾರ. “ಇವನ್ನ ನಾನೇ ಕತ್ತರಿಸಿ ಬಿಸಾಕಿದ್ದೆ ಅಮ್ಮಾ. ಚಿಂದಿ ಬುಟ್ಟಿ ಸುರುವಿಕೊಂಡು ಹುಡುಕಿದೆ.”

ಅದಕ್ಕೇ ಇವತ್ತು ಇಬ್ಬರೂ ಇಲ್ಲಿ.

“ಹಣ್ಣು ಆಮೇಲೆ,” ಎಂದಳು ಇನ್ಸ್‌ಪೆಕ್ಟರಮ್ಮ. “ಮೊದಲು ಮರ ನೋಡೋಣ.”

“ಮರಾನಾ?” ಗಡಿಯಾರದವನು ನಕ್ಕ. “ನಿಮ್ಮ ಮೊಣಕಾಲು ಹೇಗಿದೆ ಈಗ?”

“ನಿಮ್ಮ ಜ್ಞಾಪಕಶಕ್ತಿಯಷ್ಟು ಗಟ್ಟಿಯಾಗಿಲ್ಲ. ಆದ್ರೂ ಇಳೀತೀನಿ.”

ಇಳಿದಳು. ಒಂದೊಂದು ಮೆಟ್ಟಿಲೂ ಮೂಳೆಯೊಳಗೆ ಕರಕ್ ಎಂದಿತು. ಮೇಜಿನ ಮೇಲಿದ್ದ ಹಣ್ಣನ್ನು ಹೊಲಿಗೆಯಮ್ಮ ಕೂಸನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂದೆಯೇ ಬಂದಳು.

ಹಿತ್ತಿಲು ಅನ್ನುವುದಕ್ಕಿಂತ ಬಾವಿ ಎನ್ನಬಹುದಿತ್ತು. ಎರಡೂ ಪಕ್ಕ ಗೋದಾಮಿನ ಎತ್ತರದ ಗೋಡೆ, ಕಿಟಕಿಯಿಲ್ಲ. ಹಿಂದಿನ ಗೋಡೆಯ ಮೇಲೆ ಒಡೆದ ಗಾಜು ನೆಟ್ಟಿದೆ. ಇಲ್ಲಿ ನಿಂತು ಕೂಗಿದರೆ ಕೇಳಿಸಿಕೊಳ್ಳುವುದಕ್ಕೆ ಒಳಗಿನ ಗಡಿಯಾರಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ನಡುವೆ ಬಿಸಿಲಿಗೆ ಎತ್ತಿ ಹಿಡಿದ ಕೊಡೆಯಂತೆ ಒಂದೇ ಒಂದು ಪಪ್ಪಾಯಿ ಮರ. ಕಾಂಡದ ಸುತ್ತ ಕಾಯಿಗಳು ಒಂದನ್ನೊಂದು ಒತ್ತಿಕೊಂಡು ಜೋತಿದ್ದವು. ಆಚೆ ಮೂಲೆಯಲ್ಲಿ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ ಕಪ್ಪು ನೀರಿನ ಟ್ಯಾಂಕು.

ಹೊಲಿಗೆಯಮ್ಮನ ಕಣ್ಣು ಮರದ ಮೇಲೆ ನಿಲ್ಲಲಿಲ್ಲ. ಸೀದಾ ಕಟ್ಟೆಗೆ ಹೋಯಿತು.

“ಗಂಡು ಮರ ಎಲ್ಲಿ?”

“ಯಾವುದು ಅತ್ತೆ?”

“ನಾನೇ ಸಸಿ ಎಬ್ಬಿಸಿ ಕೊಟ್ಟಿದ್ದೆ. ಮೂರು. ಒಂದು ಬುಡದಲ್ಲಿ ನೀರು ನಿಂತು ಕೊಳೀತು. ಉಳಿದ ಎರಡು ಹೂವು ಬಿಟ್ಟಾಗ ಒಂದು ಹೆಣ್ಣು, ಒಂದು ಗಂಡು. ಗಂಡು ಇದೇ ಮೂಲೇಲಿತ್ತು. ಉದ್ದುದ್ದ ಎಳೆ ಬಿಟ್ಟು ಗೊಂಚಲು ಗೊಂಚಲು ಹೂವು ಬಿಡ್ತಿತ್ತು.”

“ಓ ಅದಾ? ಕಡಿದೆ. ಬರೀ ಹೂವು, ಒಂದು ಕಾಯಿಲ್ಲ. ಟ್ಯಾಂಕಿಗೆ ಜಾಗ ಬೇಕಿತ್ತು. ಕಾಯಿ ಬಿಡದ ಮರ ಇಟ್ಕೊಂಡು ಪೂಜೆ ಮಾಡ್ಲಾ?”

ಪಪ್ಪಾಯಿ ಬೆಳೆದವರು ಯಾರೂ ಆ ಕೆಲಸ ಮಾಡುವುದಿಲ್ಲ. ಹತ್ತು ಗಂಡು ಇದ್ದರೆ ಒಂಬತ್ತನ್ನು ಕಿತ್ತಾರು, ಇರುವ ಒಂದನ್ನು ಮುಟ್ಟುವುದಿಲ್ಲ. ಅದರ ಹೂವಿನ ಪುಡಿ ತಾಗದಿದ್ದರೆ ಹೆಣ್ಣು ಮರದ ಹೂವು ಹೂವಾಗಿಯೇ ಉದುರಿ ಬೀಳುತ್ತದೆ. ಗಡಿಯಾರದವನು ಹಣ್ಣು ತಿಂದಿದ್ದ, ಹಂಚಿದ್ದ. ಬೆಳೆದಿರಲಿಲ್ಲ.

“ಯಾವಾಗ ಕಡಿದದ್ದು?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ಅವಳು ಹೋದ ಮೇಲೆ ಯಾವಾಗಲೋ. ತಾರೀಕು ನೆನಪಿಲ್ಲ.”

ಎಂಟು ಹೋಳು ನೆನಪಿದೆ, ತಾರೀಕು ನೆನಪಿಲ್ಲ. ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಅದರ ಕಡ್ಡಿಯನ್ನು ಹಲ್ಲಿಗೆ ಸಿಕ್ಕಿಸಿಕೊಂಡಳು. ಯೋಚನೆಗೆ ಬಿದ್ದಾಗ ಏನಾದರೂ ಕಚ್ಚುವುದು ಅವಳ ಹಳೇ ಚಾಳಿ. ಸರ್ವಿಸ್ಸಿನಲ್ಲಿದ್ದಾಗ ಫೈಲು ಕಟ್ಟುವ ದಾರದ ಟ್ಯಾಗಿನ ತಗಡಿನ ತುದಿ ಕಚ್ಚಿ ಕಚ್ಚಿ ಚಪ್ಪಟೆ ಮಾಡುತ್ತಿದ್ದಳು. ಮೇಡಂ ನೋಡಿದ ಫೈಲು ಯಾವುದು ಅಂತ ಹಲ್ಲಿನ ಗುರುತಿನಿಂದಲೇ ಹೇಳಬಹುದು ಅಂತ ಸ್ಟೇಷನ್ನಿನಲ್ಲಿ ತಮಾಷೆ ಮಾಡುತ್ತಿದ್ದರು. ಈಗ ಫೈಲಿಲ್ಲ, ಕನ್ನಡಕದ ಕಡ್ಡಿಯೇ ಗತಿ.

“ಅದು ಹೋಗಲಿ. ಈ ಹಣ್ಣಿನ ತೊಟ್ಟಿಗೆ ದಾರ ಕಟ್ಟಿದೆಯಲ್ಲ, ಇದು ಯಾರ ಕೆಲಸ?”

ಗಡಿಯಾರದವನು ಹಣ್ಣಿನ ಕಡೆ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಇನ್ಯಾರದು? ನನ್ನ ಹೆಂಡತೀದೇ. ಅದ್ಯಾವುದೋ ಹೂವಿನ ಪುಡಿ ತಂದು ಈ ಹೂವಿಗೆ ಸವರೋಳು. ಸವರಿದ್ದಕ್ಕೆ ಗುರುತು ಅಂತ ದಾರ. ಹೋಗೋಕೆ ಮುಂಚೆ ಕಟ್ಟಿದ್ದು. ಅವಳ ನೆನಪು ಅಂತ ಹಾಗೇ ಬಿಟ್ಟಿದೀನಿ. ಹಣ್ಣಾದ ಹಾಗೆ ವಾರಕ್ಕೊಂದು ಅತ್ತೆಗೆ ತಲುಪಿಸ್ತೀನಿ. ಅದೂ ತಪ್ಪಾ?”

“ನೀವು ಕಟ್ಟಿಲ್ವಾ?”

“ನಾನು ಗಡಿಯಾರದ ಮುಳ್ಳು ಹಿಡಿಯೋನು ಮೇಡಂ. ಸೂಜಿ ದಾರ ನನಗೆ ಆಗಿಬರಲ್ಲ.”

“ಬೇರೆ ಯಾರಾದ್ರೂ ಬಂದು ಕಟ್ಟಿರಬಹುದಾ?”

“ಈ ಹಿತ್ತಲಿಗೆ ನನ್ನನ್ನ ಬಿಟ್ಟು ಒಂದು ನರಪಿಳ್ಳೆಯೂ ಬರಲ್ಲ.”

“ಸರಿ. ಈ ಮಾತು ನೆನಪಿಟ್ಕೊಳ್ಳಿ.” ಇನ್ಸ್‌ಪೆಕ್ಟರಮ್ಮ ಹೊಲಿಗೆಯಮ್ಮನ ಕಡೆ ತಿರುಗಿದಳು. “ಅಕ್ಕ, ಈಗ ನೀವು ಹೇಳಿ.”

ಹೊಲಿಗೆಯಮ್ಮ ಹಣ್ಣನ್ನು ತೋಳಿಗೆ ಆನಿಸಿಕೊಂಡು ತೊಟ್ಟನ್ನು ಅವನ ಮುಖದ ಮುಂದೆ ಹಿಡಿದಳು.

“ಎರಡು ಸುತ್ತು, ಒಳಗೊಂದು ಗಂಟು, ತುದಿ ಕತ್ತರಿಸದೆ ಬಿಡೋದು. ತೊಟ್ಟು ದಪ್ಪ ಆದ್ರೂ ಕೊಯ್ಯಬಾರದು ಅಂತ ಸಡಿಲ. ಇದು ನಾನು ಅವಳಿಗೆ ಆರನೇ ವಯಸ್ಸಿಗೆ ಕಲಿಸಿದ ಗಂಟು. ಅವಳದೇ. ನೀವು ಹೇಳಿದ್ದು ನಿಜ.”

“ನೋಡಿದ್ರಾ,” ಎಂದ ಅಳಿಯ.

“ಆದ್ರೆ ಅವಳು ಯಾವತ್ತೂ ಬಿಳಿ ದಾರ ಕಟ್ಟೋಳು. ಎರಡು ವರ್ಷದಿಂದ ಬಿಳಿ. ನಾಲ್ಕು ವಾರದಿಂದ ನೀವು ತಂದ ಹಣ್ಣಿಗೆಲ್ಲ ಕೆಂಪು. ನಾನು ದಡ್ಡಿ. ಎಲ್ಲಿ ದಾರ ಕಂಡರೂ ಕಚಕ್ ಅಂತ ಕತ್ತರಿಸೋ ಕೈ. ನೋಡದೇ ಕತ್ತರಿಸಿದೆ, ನೋಡದೇ ಬಿಸಾಕಿದೆ. ಮೊನ್ನೆ ಮೇಜಿನ ಮೇಲೆ ಬಿಚ್ಚೋಕೆ ಬಂದ ಒಂದು ಅಂಗಿ ಇತ್ತು. ಪಕ್ಕದಲ್ಲಿ ನೀವು ತಂದಿಟ್ಟ ಹಣ್ಣು. ಅಂಗಿ ಮೇಲೂ ಕೆಂಪು, ತೊಟ್ಟಿನ ಮೇಲೂ ಕೆಂಪು.”

“ಬಣ್ಣದಲ್ಲಿ ಏನಿದೆ ಅತ್ತೆ?”

“ನಮ್ಮ ಅಂಗಡೀಲಿ ಇದೆ. ಹೊಲಿಗೆ ತಪ್ಪಿದ ಕಡೆ ಕೆಂಪು ದಾರದ ಗುರುತು ಹಾಕ್ತೀವಿ. ನಾನು ಹಾಕಿದ್ರೆ ಅವಳು ಬಿಚ್ಚಬೇಕು. ಅವಳು ಹಾಕಿದ್ರೆ ನಾನು ಬಿಚ್ಚಬೇಕು. ಬಾಯಲ್ಲಿ ಹೇಳೋದೇ ಇಲ್ಲ. ಗಿರಾಕಿ ಎದುರಿಗೆ ತಪ್ಪಾಗಿದೆ ಅಂತ ಹೇಳೋಕಾಗುತ್ತಾ?” ಅವಳು ತೊಟ್ಟಿನ ದಾರವನ್ನು ಬೆರಳಿನಿಂದ ಮುಟ್ಟಿದಳು. “ಅಮ್ಮಾ, ಇದು ತಪ್ಪಾಗಿದೆ, ಬಂದು ಬಿಚ್ಚು. ಅಷ್ಟೇ ಅದರ ಅರ್ಥ.”

ಗಡಿಯಾರದವನು ತಲೆಯಾಡಿಸಿದ, ಮಗುವಿನ ಮಾತಿಗೆ ಹೂಂ ಅನ್ನುವವರ ಹಾಗೆ. “ಪಾಪ, ಮದುವೆ ತಪ್ಪಾಯ್ತು ಅಂತ ಅನಿಸಿರಬೇಕು. ಅದಕ್ಕೇ ಬಿಟ್ಟು ಹೋದಳು. ಫೈಲಿನಲ್ಲೂ ಅದೇ ಇದೆಯಲ್ಲ ಮೇಡಂ?”

“ಹೂವು ಹಣ್ಣಾಗೋಕೆ ಎಷ್ಟು ದಿನ ಬೇಕು, ಗೊತ್ತಾ ನಿಮಗೆ?” ಎಂದಳು ಇನ್ಸ್‌ಪೆಕ್ಟರಮ್ಮ.

ಅವನು ಮರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ಎಂಟೋ… ಹತ್ತೋ ತಿಂಗಳು.”

“ಐದು,” ಎಂದಳು ಹೊಲಿಗೆಯಮ್ಮ. “ಒಂದು ವಾರ ಆಚೀಚೆ. ಐದು ದಾಟಿ ಆರಕ್ಕೆ ಹೋಗಿದ್ದನ್ನ ನಾನು ಕಂಡಿಲ್ಲ. ನನ್ನ ಕೂಸು ಕಾಣೆಯಾಗಿ ಏಳು.”

ಮುಂದಿನ ಕೋಣೆಯಲ್ಲಿ ಗಡಿಯಾರಗಳು ಒಟ್ಟಿಗೇ ಮೂರು ಹೊಡೆದವು. ಯಾವುದೋ ಒಂದು ಮಾತ್ರ ಹಿಂದೆ ಬಿದ್ದು ಆಮೇಲೆ ಹೊಡೆಯಿತು.

“ನಿನ್ನ ಹೆಂಡತಿ ಮನೆ ಬಿಟ್ಟು ಹೋದಳು ಅಂತೀಯಲ್ಲ, ಆವತ್ತು ಈ ಹಣ್ಣು ಮೊಗ್ಗೂ ಆಗಿರಲಿಲ್ಲ ಕಣೋ.”

ಮದುವೆಯಾದಂದಿನಿಂದ ಅಳಿಯನಿಗೆ ‘ನೀವು’ ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಈಗ ಬಂದದ್ದು ಅವಳಿಗೇ ತಿಳಿಯಲಿಲ್ಲ.

“ಹೋದ ಎರಡು ತಿಂಗಳಿಗೆ ತಿರುಗಿ ಬಂದು ದಾರ ಕಟ್ಟಿದಳಾ? ಇದಾಳಾ, ಇಲ್ವಾ? ಅಷ್ಟು ಹೇಳು ಸಾಕು. ನಿನ್ನನ್ನ ಜೈಲಿಗೆ ಹಾಕ್ಸೋಕೆ ಬಂದಿಲ್ಲ ನಾನು. ಇದಾಳಾ, ಇಲ್ವಾ?”

ಅವನು ಬಾಗಿ, ಕಟ್ಟೆಯ ಅಂಚಿನಲ್ಲಿ ಬಿದ್ದಿದ್ದ ಒಣ ಎಲೆಯೊಂದನ್ನು ಎತ್ತಿ ಆಚೆ ಹಾಕಿದ. ಅಂಗಡಿಯ ಮೇಜು ಚೊಕ್ಕಟ ಮಾಡುವ ಹಾಗೆ.

“ಮೇಡಂ, ನೀವು ಕಾನೂನು ತಿಳಿದೋರು. ಈ ಮರ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾ?”

ಹೇಳುವುದಿಲ್ಲ. ಅದು ಇನ್ಸ್‌ಪೆಕ್ಟರಮ್ಮನಿಗೂ ಗೊತ್ತಿತ್ತು. ಕಟ್ಟೆ ಒಡೆಸಬೇಕೆಂದರೆ ಆರ್ಡರು ಬೇಕು, ಆರ್ಡರಿಗೆ ಫೈಲು ಮತ್ತೆ ತೆರೆಯಬೇಕು. ಇವತ್ತು ಬೆಳಿಗ್ಗೆ ಅವಳ ಹಳೇ ಕುರ್ಚಿಯಲ್ಲಿ ಕೂತ ಹೊಸ ಸಾಹೇಬ ನಕ್ಕು ಕಳಿಸಿದ್ದ: “ಮೇಡಂ, ನೀವೇ ಮುಚ್ಚಿದ್ದು. ಅದೂ ಹಿತ್ತಿಲು ಪರಿಶೀಲಿಸಿ.” ಯಾವ ಬಾಗಿಲು ತಟ್ಟಿದರೂ ಒಳಗಿಂದ ಅವಳದೇ ಸಹಿ ಹೊರಗೆ ಇಣುಕುತ್ತಿತ್ತು.

ಆದರೂ ಒಂದು ಕೆಲಸ ಬಾಕಿ ಇತ್ತು.

ಗೋಡೆ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದು ಮರದ ಬುಡಕ್ಕೆ ಹಾಕಿಕೊಂಡಳು. “ಹಿಡ್ಕೊಳ್ಳಿ ಅಕ್ಕ. ಬಿದ್ರೆ ಎತ್ತೋಕೆ ಇವರು ಬರಲ್ಲ.”

ಹತ್ತಿದಳು. ಪಪ್ಪಾಯಿ ಮರ ಕೆಳಗಿನಿಂದ ಮೇಲಕ್ಕೆ ಕಾಲ ಹೇಳುತ್ತದೆ. ಬುಡದ ಕಡೆ ಹಳೆಯದು, ನೆತ್ತಿಯ ಕಡೆ ಹೊಸದು. ಇದನ್ನು ನಿನ್ನೆ ಹೊಲಿಗೆಯಮ್ಮ ಬೆರಳು ಮಡಚಿ ಮಡಚಿ ಪಾಠ ಹೇಳಿಕೊಟ್ಟಿದ್ದಳು.

ಕೆಳಗಿನ ಕಾಯಿ, ಒಂದು ಪಕ್ಕ ಹಳದಿ ತಿರುಗಿದೆ. ತೊಟ್ಟಿಗೆ ಕೆಂಪು ದಾರ. ಅದರ ಮೇಲಿನದು, ಕೆಂಪು. ಮೂರನೆಯದು, ನಾಲ್ಕನೆಯದು. ಅದೇ ಗಂಟು, ಅಷ್ಟೇ ಸಡಿಲ. ಇಲ್ಲಿ ನಿಂತು ತಾಳ್ಮೆಯಿಂದ ಹೂವು ಸವರಿ, ಐದು ತಿಂಗಳಾದ ಮೇಲೆ ಅಮ್ಮನ ಕೈ ಸೇರಲಿ ಎಂದು ಕಟ್ಟಿದವಳು. ಇಷ್ಟು ನಿಧಾನಕ್ಕೆ ಹೋಗುವ ಕಾಗದವನ್ನು ಬೇರೆ ದಾರಿಯಿದ್ದವರು ಯಾರೂ ಬರೆಯುವುದಿಲ್ಲ.

ಐದು. ಆರು. ಆರನೆಯ ದಾರ ಗಿಡ್ಡ. ಉಂಡೆ ಮುಗಿಯುತ್ತ ಬಂದಿದ್ದಿರಬೇಕು.

ಏಳನೆಯದರ ಮೇಲೆ ಕಾಯಿಯೇ ಇಲ್ಲ. ಬರೀ ಒಣಗಿದ ಮೋಟು ತೊಟ್ಟುಗಳು, ಅವುಗಳ ಮೇಲೆ ಇವತ್ತೋ ನಾಳೆಯೋ ಉದುರಲಿರುವ ಬಿಳಿ ಹೂಗಳು. ಗಂಡು ಮರ ಕಡಿದದ್ದು ಯಾವಾಗ ಅಂತ ಮರ ಹೇಳಿಬಿಟ್ಟಿತು. ನಾಲ್ಕು ತಿಂಗಳು. ಅಂದರೆ ಫೈಲು ಮುಚ್ಚಿದ ವಾರ.

“ಅಮ್ಮಾ?” ಕೆಳಗಿನಿಂದ ಹೊಲಿಗೆಯಮ್ಮ. “ಎಷ್ಟಿವೆ?”

ಇನ್ಸ್‌ಪೆಕ್ಟರಮ್ಮ ಕನ್ನಡಕ ಮತ್ತೆ ಮೂಗಿಗೇರಿಸಿದಳು. ಏಳನೆಯ ಕಾಯಿಯ ತೊಟ್ಟಿಗಿದ್ದದ್ದು ಹೊಲಿಗೆ ದಾರವಾಗಿರಲಿಲ್ಲ. ದಪ್ಪಗಿತ್ತು. ಹೆಣೆದ ಕೆಂಪು ದಾರ. ಬಿಡಿಸಿ ಅಂಗೈ ಮೇಲೆ ಹಾಕಿಕೊಂಡಳು. ಎರಡೂ ತುದಿಗೆ ತಗಡು. ಒಂದು ತುದಿ ನೆಟ್ಟಗಿದೆ. ಇನ್ನೊಂದು ಚಪ್ಪಟೆ, ಅದರ ಮೇಲೆ ಸಾಲಾಗಿ ಹಲ್ಲಿನ ಗುರುತು.

ಅವಳ ಹಲ್ಲು.

ಆ ಕೊನೆಯ ವಿಚಾರಣೆ ಮುಗಿಸಿ ಈ ಮನೆಯಿಂದ ಸ್ಟೇಷನ್ನಿಗೆ ಮರಳಿದಾಗ ಫೈಲಿನ ಟ್ಯಾಗು ಇರಲಿಲ್ಲ. ಎಲ್ಲೋ ಬಿದ್ದಿರಬೇಕು ಎಂದು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿಗೆ ಸೇರಿಸಿದ್ದಳು.

ಸ್ಟೂಲಿನಿಂದ ಹೇಗೆ ಇಳಿದಳೋ ತಿಳಿಯದು. ಹೊಲಿಗೆಯಮ್ಮ ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಗಂಟು ಕೂತಿದ್ದ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿದಳು.

“ಎರಡು ಸುತ್ತು, ಒಳಗಂಟು. ಇದೂ ಅವಳದೇ. ಇದೇನಮ್ಮಾ ಇದು?”

“ಅದು ಮೇಡಂದು. ಆವತ್ತು ನನ್ನೆದುರಿಗೇ ಕಚ್ಚುತ್ತ ಕೂತಿದ್ರು,” ಎಂದ ಗಡಿಯಾರದವನು.

ಅವನು ನಗುತ್ತಿರಲಿಲ್ಲ. ನಗುವ ಅಗತ್ಯ ಮುಗಿದವನ ಹಾಗಿದ್ದ. ಜೇಬಿನಿಂದ ಫೋನು ತೆಗೆದ.

“ಪೊಲೀಸ್ ಫೈಲಿನ ಟ್ಯಾಗು, ಮೇಡಂ ಹಲ್ಲಿನ ಗುರುತು ಸಮೇತ, ನನ್ನ ಹಿತ್ತಲ ಮರದಲ್ಲಿ. ಈ ಹಿತ್ತಲಿಗೆ ನನ್ನನ್ನ ಬಿಟ್ಟು ಯಾರೂ ಬರಲ್ಲ ಅಂದೆನಲ್ಲ, ತಪ್ಪಾಯ್ತು. ‘ಪರಿಶೀಲಿಸಲಾಯಿತು’ ಅಂತ ಮೇಡಂ ಬರೆದಿದಾರೆ, ಸಹಿಯೂ ಇದೆ. ಕಾಣೆಯಾದವಳು ಆಗ ಇಲ್ಲೇ ಇದ್ದಳು ಅಂತ ಈಗ ಅವರೇ ಹೇಳ್ತಿದಾರೆ. ಕಂಡೂ ಫೈಲು ಮುಚ್ಚಿದ್ದು ಯಾಕೆ ಅಂತ ಸ್ಟೇಷನ್ನೋರೇ ಕೇಳಲಿ.” ಫೋನು ಕಿವಿಗೆ ಹೋಯಿತು. “ಹಲೋ, ಸ್ಟೇಷನ್ನಾ? ನಮ್ಮನೆ ಹಿತ್ತಲಿಗೆ ಇಬ್ಬರು ಹೆಂಗಸರು ನುಗ್ಗಿದಾರೆ. ಹೌದು ಸಾರ್, ಒಬ್ಬರು ನಿಮಗೆ ಚೆನ್ನಾಗಿ ಪರಿಚಯ.”

ಮಾತಾಡುತ್ತಲೇ ಮೆಟ್ಟಿಲು ಹತ್ತಿ ಒಳಗೆ ಹೋದ. ಮುಂಬಾಗಿಲಿನ ಚಿಲಕ ತೆಗೆದ ಸದ್ದಾಯಿತು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಹೊಲಿಗೆಯಮ್ಮ ಹಣ್ಣನ್ನು ಮೆಲ್ಲಗೆ ಸಿಮೆಂಟ್ ಕಟ್ಟೆಯ ಮೇಲಿಟ್ಟಳು. ಇಟ್ಟ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಸಿಮೆಂಟು ಬಿಸಿಲಿಗೆ ಕಾದಿತ್ತು, ಆದರೂ ತೆಗೆಯಲಿಲ್ಲ.

“ಅಮ್ಮಾ, ಒಂದು ಮಾತು. ಆವತ್ತು ನೀವು ಒಳಗೆ ಕೂತಿದ್ರಲ್ಲ, ಇವನು ಎಲ್ಲಿದ್ದ?”

“ನನ್ನ ಎದುರಿಗೆ.”

“ಎದ್ದು ಹೋಗಿದ್ದನಾ?”

“ಇಲ್ಲ. ಹೊರಡೋವರೆಗೂ ಎದ್ದಿಲ್ಲ.”

“ಮತ್ತೆ ಈ ಕಡೆಯಿಂದ ಏನಾದ್ರೂ ಸದ್ದು ಕೇಳಿಸ್ತಾ? ಏನಾದ್ರೂ?”

ಇನ್ಸ್‌ಪೆಕ್ಟರಮ್ಮ ಮರದ ಬುಡ ನೋಡಿದಳು. ನೀರು ನಿಲ್ಲದ ಹಾಗೆ ಸುತ್ತ ಮಣ್ಣು ಏರಿಸಿ, ಅಂಚಿಗೆ ಯಾರೋ ಬೆರಳಿನಿಂದಲೇ ಸಣ್ಣ ಕಾಲುವೆ ಎಳೆದಿದ್ದರು. ಅದೀಗ ಬಿರಿದು ಒಣಗಿತ್ತು. ಇಲ್ಲ ಅನ್ನಬಹುದಿತ್ತು. ಸರ್ವಿಸ್ಸಿನಲ್ಲಿ ಎಷ್ಟೋ ತಾಯಂದಿರಿಗೆ ಎಷ್ಟೋ ಸಲ ಇಲ್ಲ ಅಂದಿದ್ದಳು.

“ಕೇಳಿಸ್ತು. ಗಿಡಕ್ಕೆ ನೀರು ಹಾಕೋ ಸದ್ದು.”

ಸ್ಟೇಷನ್ ದೂರವಿರಲಿಲ್ಲ. ಹೊರಗೆ ಬೀದಿಯಲ್ಲಿ ಜೀಪು ನಿಂತಿತು.

“ಎಷ್ಟು ಹೊತ್ತು?” ಎಂದಳು ಹೊಲಿಗೆಯಮ್ಮ.

“ನಾನು ಹಣ್ಣು ತಿಂದು ಮುಗಿಸೋವರೆಗೂ ಬರ್ತಾ ಇತ್ತು ಅಕ್ಕ. ತಟ್ಟೆ ಕೆಳಗಿಟ್ಟು ‘ಸರಿ, ಇನ್ನು ಈ ಕೇಸು ಮುಗೀತು’ ಅಂತ ನಾನು ಗಟ್ಟಿಯಾಗಿ ಹೇಳಿದ ಮೇಲೆ ನಿಂತುಹೋಯ್ತು.”